ಏರಿಯ ಬುಡದ ನೀರು

ಒಣಗಲು ಹಾಕಿದ್ದ ಟವೆಲೊಂದು ಗಾಳಿಗೆ ಹಾರಿ ಕೆರೆ ಏರಿಯ ಹಿಂಬದಿಗೆ ಬಿದ್ದಿತೆಂದು ಅಕ್ಕ ಗುರುವಾರ ಸಂಜೆ ಅತ್ತ ಇಳಿದಳು. ಟವೆಲು ಸಿಕ್ಕಿತು. ಆದರೆ ಬುಡದಲ್ಲಿ ಕಾಲಿಟ್ಟ ಕಡೆ ಚಪ್ಪಲಿ ಪಚಕ್ಕನೆ ಹೂತುಕೊಂಡಿತು. ಮಳೆ ಬಂದು ಮೂರು ವಾರವಾಗಿತ್ತು. ಸುತ್ತಲಿನ ಹುಲ್ಲೆಲ್ಲ ಒಣಗಿದ್ದರೂ ಅಲ್ಲಿ ಒಂದು ಮಂಚದಷ್ಟು ಜಾಗದಲ್ಲಿ ಮಾತ್ರ ಹುಲ್ಲು ಹಚ್ಚಗೆ ಬೆಳೆದಿತ್ತು. ಅದರ ನಡುವೆ ಬೆರಳು ಗಾತ್ರದ ನೀರು ಸದ್ದಿಲ್ಲದೆ ಜಿನುಗುತ್ತಿತ್ತು.

ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ಮೇಲೆ ಅವಳು ತಮ್ಮನ ಮನೆಯಲ್ಲಿದ್ದಳು. ತಮ್ಮ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದ. ಊರಾಚೆಯ ಈ ಜಮೀನನ್ನು ಅವನು ಕೊಂಡಿದ್ದೇ ಕೆರೆಯ ಆಸೆಗೆ. ಹಿಂದಿನ ಮಾಲೀಕ ಹಳ್ಳಕ್ಕೆ ಅಡ್ಡಲಾಗಿ ಎರಡಾಳೆತ್ತರ ಮಣ್ಣು ಪೇರಿಸಿ ಕಟ್ಟಿದ್ದ ಪುಟ್ಟ ಕೆರೆ ಅದು. ತಮ್ಮ ಬಂದವನೇ ನೀರಿನ ಮೇಲೆ ಚಾಚುವಂತೆ ಮರದ ಅಟ್ಟಣೆ ಹಾಕಿಸಿದ, ಒಂದು ದೋಣಿ ತಂದ, ಗಾಳಿ ತುಂಬಿದ ಲಾರಿ ಟ್ಯೂಬುಗಳನ್ನು ತೇಲಿಬಿಟ್ಟ. ಏರಿಯ ಮೇಲಿದ್ದ ದೊಡ್ಡ ಮರವನ್ನು ಕಡಿಸಿ, ಆ ಜಾಗದಲ್ಲಿ ಕಲ್ಲು ಬೆಂಚು ಹಾಕಿಸಿದ. ರಜೆ ಬಂತೆಂದರೆ ಅಲ್ಲಿ ನೆಂಟರು, ಸ್ನೇಹಿತರು, ಕೇಕೆ, ನಗು.

ರಾತ್ರಿ ಊಟಕ್ಕೆ ಕೂತಾಗ ಅಕ್ಕ ವಿಷಯ ಎತ್ತಿದಳು.

“ಮಣ್ಣಿನ ಏರಿ ಅಂದ್ಮೇಲೆ ಸ್ವಲ್ಪ ಬೆವರುತ್ತೆ ಬಿಡು,” ಎಂದ ತಮ್ಮ. “ನೀನು ಕೆರೆಗೂ ಥರ್ಮಾಮೀಟರ್ ಇಡೋಕೆ ಹೋಗ್ಬೇಡ ಅಕ್ಕ.”

ತಮ್ಮನ ಹೆಂಡತಿ ನಗು ತಡೆಯಲು ನೀರು ಕುಡಿದಳು. ಅಕ್ಕನೂ ನಕ್ಕಳು. ಮನೆಯಲ್ಲಿ ಅವಳಿಗೆ ‘ಗಾಬರಿ ಅಕ್ಕ’ ಎಂಬ ಹೆಸರು ಮೊದಲೇ ಇತ್ತು. ಗ್ಯಾಸ್ ಆರಿಸಿದೆಯಾ ಎಂದು ಮೂರು ಸಲ ಕೇಳುವವಳು, ಮಕ್ಕಳು ಸೀನಿದರೆ ಹಣೆ ಮುಟ್ಟುವವಳು.

ಶುಕ್ರವಾರ ಅವಳು ಒಂದು ಗಾಜಿನ ಲೋಟ ಹಿಡಿದು ಒಬ್ಬಳೇ ಏರಿಯ ಹಿಂದೆ ಹೋದಳು. ಗಾಯದಿಂದ ಏನು ಸೋರುತ್ತಿದೆ ಎಂದು ನೋಡದೆ ಗಾಯದ ಬಗ್ಗೆ ಮಾತಾಡಬಾರದು ಎನ್ನುವುದು ಅವಳ ವೃತ್ತಿ ಕಲಿಸಿದ್ದ ಪಾಠ. ಲೋಟದಲ್ಲಿ ನೀರು ತಿಳಿಯಾಗಿತ್ತು. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಕೆಳಗೆ, ಕೂಗಳತೆಯಲ್ಲಿ, ಸಸಿಗಳನ್ನು ಬೆಳೆಸಿ ಮಾರುವ ಹೆಂಗಸಿನ ಮನೆ ಕಾಣುತ್ತಿತ್ತು. ಒಂದು ಮಾತು ಹೇಳಿ ಬರೋಣವೇ ಎಂದುಕೊಂಡಳು. ತಮ್ಮನ ಮರ್ಯಾದೆ ನೆನಪಾಗಿ ಹಿಂತಿರುಗಿದಳು. ಶನಿವಾರ ಹೋಗಲೇ ಇಲ್ಲ. ಯಾರಾದರೂ ನೋಡಿ ನಕ್ಕಾರೆಂಬ ನಾಚಿಕೆ.

ಭಾನುವಾರ ಪ್ರೆಸ್ಸಿನವರೆಲ್ಲ ಸಂಸಾರ ಸಮೇತ ಬಂದರು. ಹತ್ತು ಗಂಟೆಗಾಗಲೇ ಅಟ್ಟಣೆಯಿಂದ ಮಕ್ಕಳು ದುಡುಮ್ಮನೆ ನೀರಿಗೆ ಹಾರುತ್ತಿದ್ದವು. ಅಕ್ಕ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂಬದಿಗೆ ಇಳಿದಳು.

ಜಿನುಗು ಈಗ ತೋಳು ಗಾತ್ರ ಬರುತ್ತಿತ್ತು, ಬಣ್ಣ ಹಾಲು ಹಾಕಿದ ಟೀ. ಲೋಟ ತುಂಬಿ ಕಲ್ಲಿನ ಮೇಲಿಟ್ಟು, ನಾಡಿ ಎಣಿಸುವಾಗಿನ ಹಾಗೆ ವಾಚು ನೋಡಿದಳು. ಐದು ನಿಮಿಷಕ್ಕೆ ತಳದಲ್ಲಿ ಒಂದು ಬೆರಳು ದಪ್ಪ ಮಣ್ಣು ಕೂತಿತು. ಏರಿ ಒಳಗೊಳಗೇ ಕರಗಿ ಹೊರಬರುತ್ತಿತ್ತು.

ಹಿಂದೆ ಅವಳ ವಾರ್ಡಿನಲ್ಲಿ ಹತ್ತು ದಿನ ಮಲಗಿದ್ದ ನೀರಾವರಿ ಎಂಜಿನಿಯರ್ ಒಬ್ಬರ ನಂಬರು ಫೋನಿನಲ್ಲಿತ್ತು. ಪುಣ್ಯಕ್ಕೆ ಮೊದಲ ಸಲವೇ ಎತ್ತಿದರು.

“ತಿಳಿನೀರಾ, ಕದಡಾ ಸಿಸ್ಟರ್?”

“ಮೊನ್ನೆ ತಿಳಿ ಇತ್ತು. ಇವತ್ತು ಮಣ್ಣು ಬರ್ತಿದೆ.”

“ಏರಿ ಮೇಲೆ ಮರ ಏನಾದ್ರೂ ಇತ್ತಾ?”

“ಇತ್ತು. ಎರಡು ವರ್ಷ ಆಯ್ತು ಕಡಿದು.”

“ಬೇರು ಕೊಳೆತು ದಾರಿಯಾಗಿದೆ. ಕೆಳಗಡೆ ಯಾರಿದ್ರೂ ಈಗಲೇ ಎಬ್ಬಿಸಿ ಕಳಿಸಿ. ತೂಬು ತೆಗೆದು ನೀರು ಇಳಿಸಿ. ಆದ್ರೆ ನೀರಲ್ಲಿ ಒಬ್ರೂ ಇರಬಾರದು, ತೂಬಿನ ಬಾಯಿ ಎಳೆದುಕೊಳ್ಳುತ್ತೆ. ನಾನು ಹೊರಟೆ.”

ಕೆಳಗಿನ ಮನೆಗೆ ಒಬ್ಬಳೇ ಹೋದರೆ ಸಾಲದು, ಅಲ್ಲಿ ಎತ್ತಿಕೊಂಡು ಬರಬೇಕಾದವರಿದ್ದರು. ತಮ್ಮ ದಡದಲ್ಲಿ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ. ಅಕ್ಕ ಅವನ ರಟ್ಟೆ ಹಿಡಿದಳು.

“ಬಾ ಇಲ್ಲಿ.”

“ಎಲ್ಲರ ಎದುರು ಶುರು ಮಾಡ್ಬೇಡ ಅಕ್ಕ, ದಮ್ಮಯ್ಯ.”

“ಎಲ್ಲರೂ ಇರೋದಕ್ಕೇ ಕರೀತಿರೋದು.”

ಅವಳು ಹಾಗೆ ಗದರಿದ್ದನ್ನು ಅವನು ಚಿಕ್ಕಂದಿನಿಂದ ಕೇಳಿರಲಿಲ್ಲ. ಏರಿಯ ಹಿಂಬದಿಗೆ ಬಂದು ನೀರಿಗೆ ಕೈಯೊಡ್ಡಿದ. ಮುಷ್ಟಿ ತುಂಬ ಮಣ್ಣು ಬಂತು.

“ಶೆಡ್ಡಲ್ಲಿ ಸಿಮೆಂಟ್ ಮೂಟೆ ಇದೆ. ತುರುಕಿಬಿಡ್ತೀನಿ.”

“ಒಳಗೆ ಕೀವು ಇಟ್ಕೊಂಡು ಮೇಲೆ ಹೊಲಿಗೆ ಹಾಕ್ತಾರೇನೋ? ಬೇರೆ ಕಡೆ ಒಡೆದುಕೊಂಡು ಬರುತ್ತೆ.”

ಅವನು ತೂಬಿನ ಚಕ್ರದ ಕಡೆ ಓಡಿದ. ಚಕ್ರವಿದ್ದದ್ದು ಅಟ್ಟಣೆಯ ತುದಿಯಲ್ಲಿ. ಮಕ್ಕಳು ಹಾರುತ್ತಿದ್ದದ್ದೂ ಅಲ್ಲಿಂದಲೇ, ಸರಿಯಾಗಿ ತೂಬಿನ ಬಾಯಿಯ ಮೇಲೆ. ಅಕ್ಕ ಏದುಸಿರು ಬಿಡುತ್ತ ಹಿಂದೆಯೇ ಬಂದು ಅವನ ಕೈ ಮೇಲೆ ಕೈಯಿಟ್ಟಳು.

“ಮೊದಲು ತಲೆ ಎಣಿಸು.”

ತಮ್ಮನ ಹೆಂಡತಿ ಎಲ್ಲರನ್ನೂ ಮೇಲೆ ಕರೆದಳು. ಮಕ್ಕಳು ಗೊಣಗುತ್ತ ಬಂದವು. ಬಂದಿದ್ದವರು ಇಪ್ಪತ್ತೆರಡು ಜನ. ಎಣಿಸಿದರೆ ಇಪ್ಪತ್ತೊಂದು. ಮತ್ತೆ ಎಣಿಸಿದರು, ಮತ್ತೆ ಇಪ್ಪತ್ತೊಂದು.

“ನಮ್ಮನೆಯವರೆಲ್ಲಿ?” ಎಂದಳು ಪ್ರೆಸ್ಸಿನ ಬೈಂಡರನ ಹೆಂಡತಿ.

ಅವಳು ಹೆಸರು ಹಿಡಿದು ಕಿರುಚಿದಳು. ತಮ್ಮ ಬಟ್ಟೆ ಸಮೇತ ನೀರಿಗೆ ಹಾರಿ ಅಟ್ಟಣೆಯ ಕಂಬಗಳ ಸುತ್ತ ಮುಳುಗಿ ಎದ್ದ, ಮತ್ತೆ ಮುಳುಗಿದ. ಅಕ್ಕನಿಗೆ ಏರಿಯ ಆಚೆ ಮಣ್ಣು ಹರಿಯುತ್ತಿರುವುದು ಬೆನ್ನಿಗೇ ತಾಗಿದಂತಿತ್ತು. ಒಂದು ನಿಮಿಷ, ಎರಡು, ಮೂರು. ತೂಬು ತೆಗೆದರೆ ಒಬ್ಬ, ತೆಗೆಯದಿದ್ದರೆ ಕೆಳಗಿನ ಮನೆ.

ಅಷ್ಟರಲ್ಲಿ ಆಚೆ ದಡದ ಜೊಂಡಿನೊಳಗಿಂದ ಗೊರಕೆ ಕೇಳಿಸಿತು. ಬೈಂಡರ್ ಟ್ಯೂಬಿನಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು, ಮುಖಕ್ಕೆ ಟೋಪಿ ಮುಚ್ಚಿಕೊಂಡು ಮಲಗಿದ್ದ. ಎಳೆದು ತಂದಾಗ, “ಊಟ ಆಯ್ತಾ?” ಎಂದು ಕೇಳಿದ. ಹೆಂಡತಿ ಅವನ ಬೆನ್ನಿಗೆ ಎರಡು ಗುದ್ದಿ ಅಳತೊಡಗಿದಳು.

ತಮ್ಮ ಚಕ್ರಕ್ಕೆ ಕೈಹಾಕಿದ. ತುಕ್ಕು ಹಿಡಿದ ತೂಬು ಅರ್ಧಕ್ಕೇ ನಿಂತಿತು. ನೀರು ಇಳಿಯುತ್ತಿತ್ತು, ಆದರೆ ಗಂಟೆಗೆ ಒಂದು ಗೇಣೂ ಇಳಿಯುವ ಹಾಗಿರಲಿಲ್ಲ.

ಅಕ್ಕ ಮೂವರು ಗಂಡಸರನ್ನು ಕರೆದುಕೊಂಡು ಕೆಳಗಿನ ಮನೆಗೆ ಓಡಿದಳು. ತಮ್ಮನೂ ಬಂದ. ಸಸಿಯವಳು ಕುಂಡಗಳಿಗೆ ಗೊಬ್ಬರ ಹಾಕುತ್ತಿದ್ದಳು. ಒಳಗೆ ಅವಳ ಗಂಡ, ಹಿಂದೆ ಪೋಸ್ಟ್‌ಮ್ಯಾನ್ ಆಗಿದ್ದವರು, ಪಾರ್ಶ್ವವಾಯು ಬಡಿದು ಎರಡು ವರ್ಷದಿಂದ ಮಂಚದ ಮೇಲೆಯೇ ಇದ್ದರು. ಮಾತು ಮಾತ್ರ ಚುರುಕು.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಸೊಂಟಕ್ಕೆ ಬಿಗಿದು ನಾಲ್ವರು ಎತ್ತಿದರು.

“ನನ್ನ ಹೊರೋಕೆ ನಾಲ್ಕು ಜನ ಬರ್ತಾರೆ ಅಂತ ಗೊತ್ತಿತ್ತು,” ಎಂದರು ಪೋಸ್ಟ್‌ಮ್ಯಾನ್. “ಇಷ್ಟು ಬೇಗ ಅಂದ್ಕೊಂಡಿರಲಿಲ್ಲ.”

ಯಾರೂ ನಗಲಿಲ್ಲ. ಕುರ್ಚಿಯ ಒಂದು ಕಾಲನ್ನು ತಮ್ಮನೇ ಹಿಡಿದಿದ್ದ. ದಿಬ್ಬ ಹತ್ತುವವರೆಗೂ ಅಕ್ಕ ಹಿಂದಿರುಗಿ ಏರಿಯನ್ನು ನೋಡಲಿಲ್ಲ. ನೋಡಿದರೆ ಕಾಲು ನಿಲ್ಲುತ್ತದೆಂಬ ಭಯ.

ಎಂಜಿನಿಯರ್ ಬಂದು, ಏರಿಯ ಹತ್ತಿರ ಯಾರೂ ಸುಳಿಯದಂತೆ ಹಗ್ಗ ಕಟ್ಟಿಸಿದರು. ಎಲ್ಲರೂ ದಿಬ್ಬದ ಮೇಲೆ ಕೂತರು. ತಂದಿದ್ದ ಊಟದ ಡಬ್ಬಿಗಳನ್ನು ಯಾರೂ ಬಿಚ್ಚಲಿಲ್ಲ. ಮೂರು ಗಂಟೆಗೆ ಕಲ್ಲು ಬೆಂಚು ಮೆಲ್ಲಗೆ ಹಿಂದಕ್ಕೆ ವಾಲಿತು. ಮರುಗಳಿಗೆ ಅದರ ಕೆಳಗಿನ ಮಣ್ಣು ಬಾಯಿ ತೆರೆಯಿತು. ಕೆರೆಯಲ್ಲಿ ಉಳಿದಿದ್ದ ಮುಕ್ಕಾಲು ನೀರು ಹೊರಬೀಳಲು ಕಾಲು ಗಂಟೆಯೂ ಬೇಕಾಗಲಿಲ್ಲ. ಸಸಿಗಳ ನೆರಳಿನ ಚಪ್ಪರ ಕಣ್ಣೆದುರೇ ಮಡಚಿಕೊಂಡು ಹೋಯಿತು. ಕುಂಡಗಳು ಟಪಟಪ ಒಡೆಯುವ ಸದ್ದು ಮೇಲಿನವರೆಗೂ ಕೇಳಿಸಿತು. ಮನೆ ನಿಂತಿತು. ಆದರೆ ಒಳಗೆ ಮಂಚದ ಎತ್ತರಕ್ಕೆ ಕೆಸರು.

ತಮ್ಮ ಸಸಿಯವಳ ಮುಂದೆ ಹೋಗಿ ನಿಂತ.

“ಇವರಿಗೆ ಕಾಲು ಬರಲ್ಲ ಅಂತ ನಿಮಗೆ ಗೊತ್ತಿತ್ತಲ್ಲ,” ಎಂದಳು ಅವಳು. ಅಷ್ಟೇ.

ಅಕ್ಕನಿಗೆ ಅದನ್ನು ತಮ್ಮನ ಮೇಲೆ ಮಾತ್ರ ಬಿಡಲು ಮನಸ್ಸಾಗಲಿಲ್ಲ. “ನಾನು ಗುರುವಾರಾನೇ ನೋಡಿದ್ದೆ ಕಣಮ್ಮ. ಶುಕ್ರವಾರ ನಿಮ್ಮನೆ ಕಾಣೋ ತನಕ ಬಂದು ವಾಪಸ್ ಹೋದೆ.”

ಸಸಿಯವಳು ಅವಳನ್ನೇ ನೋಡಿದಳು. “ಯಾಕೆ?”

“ನಗ್ತಾರೆ ಅಂತ.”

ಸಸಿಯವಳು ಗಂಡನ ಸೊಂಟಕ್ಕೆ ಬಿಗಿದಿದ್ದ ಸೀರೆಯ ಗಂಟು ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ಅಕ್ಕ ಪಕ್ಕದಲ್ಲಿ ಕೂತು ಕೈಜೋಡಿಸಿದಳು. ಅವಳು ಬೇಡ ಎನ್ನಲಿಲ್ಲ.

ಮನೆ ಒಣಗುವ ತನಕ ಗಂಡ ಹೆಂಡತಿ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿದ್ದರು. ಪೋಸ್ಟ್‌ಮ್ಯಾನ್ ಎಲ್ಲರ ಜೊತೆ ಹರಟುತ್ತಿದ್ದರು. ಸಸಿಯವಳು ಮಾತ್ರ ತಮ್ಮನ ಜೊತೆ ಮಾತು ಬಿಟ್ಟಿದ್ದಳು. ಅವನು ಕೋಣೆಗೆ ಬಂದರೆ ಎದ್ದು ಹೋಗುತ್ತಿದ್ದಳು. ಸರಿಯಾದ ಕೋಡಿ ಇಟ್ಟು ಮತ್ತೆ ಕಟ್ಟಬಹುದು, ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು ಅಷ್ಟೇ ಎಂದು ಎಂಜಿನಿಯರ್ ಹೇಳಿದಾಗ ತಮ್ಮ ಬೇಡವೆಂದು ತಲೆಯಲ್ಲಾಡಿಸಿದ. ಉಳಿದ ಏರಿಯನ್ನೂ ಬಿಡಿಸಿ ಹಳ್ಳವನ್ನು ಅದರ ಪಾಡಿಗೆ ಹರಿಯಲು ಬಿಡುತ್ತೇನೆ ಎಂದ.

ಮೂರನೇ ವಾರ, ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಸಸಿಯವಳು ಬಾಗಿಲಿಗೆ ಬಂದಳು.

“ಆ ಏರಿ ಮಣ್ಣು ಏನ್ ಮಾಡ್ತೀರ?”

ಅವನು ಗಡಬಡಿಸಿದ. “ಏನೂ ಯೋಚನೆ ಮಾಡಿಲ್ಲ. ನಿಮಗೆ ಬೇಕಾ?”

“ಹೊಸ ಸಸಿಗೆ ಬೇಕು. ಜರಡಿ ಹಿಡಿದು ತಂದುಕೊಡಿ. ಬೇರು, ಕಲ್ಲು ಏನೂ ಇರಬಾರದು.”

“ಆಯ್ತಮ್ಮ,” ಎಂದ ತಮ್ಮ. ಆ ದಿನ ಪ್ರೆಸ್ಸಿಗೆ ಹೋಗಲಿಲ್ಲ. ಜರಡಿ ಹುಡುಕಲು ಶೆಡ್ಡಿಗೆ ಹೋದ.