ಪೋರ್ಟಿಕೋವರೆಗೆ

"ಬಿಲ್ಲಲ್ಲಿ ಅಮೌಂಟ್ ಹಾಕ್ಲಾ, ಖಾಲಿ ಬಿಡ್ಲಾ ಅಣ್ಣಾ?"

ಸಣ್ಣಸ್ವಾಮಿಗೆ ಮೊದಲು ಅರ್ಥವಾಗಲಿಲ್ಲ. ಪೆಟ್ರೋಲ್ ಬಂಕಿನವಳು ಕಿಟಕಿಗೆ ಬಗ್ಗಿ, ಹಿಂದಿನ ಸೀಟಿನಲ್ಲಿದ್ದ ಅವನ ಹೆಂಡತಿ ಕಾಳಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದ್ದಳು. ಅರ್ಥವಾದಾಗ ಅವನ ಕಿವಿ ಬಿಸಿಯಾಯಿತು. ಯಜಮಾನರ ಕಣ್ಣು ತಪ್ಪಿಸಿ ಡ್ರೈವರುಗಳು ನಾಲ್ಕು ಕಾಸು ಹೆಚ್ಚಿಗೆ ಬರೆದುಕೊಳ್ಳಲಿ ಎಂದು ಬಂಕಿನವರು ಮಾಡುವ ಉಪಕಾರ ಅದು.

"ಯಾವ ಬಿಲ್ಲೂ ಬೇಡ."

"ಬೇಜಾರಾಗ್ಬೇಡಿ ಅಣ್ಣ. ಎಲ್ರೂ ಕೇಳ್ತಾರೆ, ಅದಕ್ಕೇ ಕೇಳ್ದೆ."

ಈ ಕಾರು ನನ್ನದು ಎಂದು ಹೇಳಬೇಕೆನಿಸಿತು. ಆದರೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಹೇಗೆ? ಹಿಂದಿನ ಗಾಡಿಯವನು ಹಾರನ್ನು ಒತ್ತಿದ. ಸಣ್ಣಸ್ವಾಮಿ ಕೈಯೆತ್ತಿ ಕ್ಷಮೆ ಕೇಳಿ ಹೊರಟ. ಗುಡ್ಡೆಹೊಸೂರು ಬರುವ ಹೊತ್ತಿಗೆ ಆ ಕ್ಷಮೆಯ ಬಗ್ಗೆಯೂ ಸಿಟ್ಟು ಬಂದಿತ್ತು.

"ಏನಂತೆ ಅವಳ್ದು?" ಎಂದಳು ಕಾಳಮ್ಮ.

"ಏನಿಲ್ಲ."

"ಮುಖ ಯಾಕೆ ಹಂಗ್ ಮಾಡ್ಕಂಡಿದ್ದೀರಿ ಮತ್ತೆ?"

"ನನ್ನ ಮುಖ ನಿನಗೆ ಹೆಂಗೆ ಕಾಣುತ್ತೆ ಅಲ್ಲಿಂದ?"

"ಕನ್ನಡೀಲಿ."

ಅವನು ಕನ್ನಡಿಯನ್ನು ಸ್ವಲ್ಪ ತಿರುಗಿಸಿದ. ಈಗ ಅದರಲ್ಲಿ ಬರೀ ರಸ್ತೆ ಕಾಣುತ್ತಿತ್ತು.

ತಪ್ಪು ಕಾಳಮ್ಮನದು ಎಂದು ಅವನಿಗೆ ಅನಿಸುತ್ತಿತ್ತು. ಮುಂದೆ ಕೂತರೆ ಲಾರಿಗಳೆಲ್ಲ ಮೈಮೇಲೆ ಬಂದಂತಾಗುತ್ತದೆ ಎಂದು ಅವಳು ಹಿಂದೆಯೇ ಕೂರುತ್ತಿದ್ದಳು. ಕಾರು ಬಂದ ಮೊದಲ ವಾರ ಗಾಬರಿಯಲ್ಲಿ ಓಡುತ್ತಿರುವಾಗಲೇ ಬಾಗಿಲು ತೆಗೆದಿದ್ದಳು. ಅಂದಿನಿಂದ ಅವನು ಹಿಂದಿನ ಬಾಗಿಲುಗಳಿಗೆ ಮಕ್ಕಳ ಲಾಕು ಹಾಕಿಟ್ಟಿದ್ದ. ಒಳಗಿನಿಂದ ಎಷ್ಟು ಎಳೆದರೂ ತೆರೆಯುವುದಿಲ್ಲ. ಹಾಗಾಗಿ ಪ್ರತಿ ಸಲ ಅವನೇ ಇಳಿದು, ಸುತ್ತು ಹಾಕಿ ಬಂದು, ಬಾಗಿಲು ತೆರೆದು ಹಿಡಿಯಬೇಕು. ಅವಳಿಗೂ ಅದು ಅಭ್ಯಾಸವಾಗಿ, ಹತ್ತುವಾಗಲೂ ಬಾಗಿಲ ಪಕ್ಕ ಸುಮ್ಮನೆ ನಿಂತು ಕಾಯುತ್ತಿದ್ದಳು. ನೋಡಿದವರು ಏನೆಂದುಕೊಳ್ಳಬೇಕು?

ಆದರೆ ನ್ಯಾಯವಾಗಿ ಯೋಚಿಸಿದರೆ, ಮತ್ತು ಸಣ್ಣಸ್ವಾಮಿಗೆ ನ್ಯಾಯವಾಗಿ ಯೋಚಿಸುವ ರೋಗವಿತ್ತು, ತಪ್ಪು ಕಾಳಮ್ಮನೊಬ್ಬಳದೇ ಅಲ್ಲ. ಅವಳು ಕೆಂಪು ಬಣ್ಣದ್ದು ತಗೊಳ್ಳಿ ಎಂದಿದ್ದಳು. ಬಿಳಿಯದೇ ಮರ್ಯಾದಸ್ಥರ ಬಣ್ಣ ಎಂದವನು ಅವನು. ಕೊಡಗಿನ ಟೂರಿಸ್ಟ್ ಟ್ಯಾಕ್ಸಿಗಳೆಲ್ಲ ಬಿಳಿ ಎಂಬುದು ಮನೆಗೆ ತಂದ ಮೇಲೆ ಹೊಳೆಯಿತು. ಇವತ್ತಂತೂ ಬಿಳಿ ಪ್ಯಾಂಟು, ತುಂಬುತೋಳಿನ ಬಿಳಿ ಶರ್ಟು. ಇಸ್ತ್ರಿ ಮಾಡುವಾಗ ಇದು ಯಾರ ಸಮವಸ್ತ್ರ ಎಂದು ಅವನು ಯೋಚಿಸಿರಲಿಲ್ಲ. ನಂಬರ್ ಪ್ಲೇಟು ಹಳದಿಯಲ್ಲ, ಬಿಳಿ. ಅದನ್ನು ನೋಡುವ ತಾಳ್ಮೆ ಯಾರಿಗಿದೆ?

ಅರವತ್ತೊಂದನೆಯ ವಯಸ್ಸಿಗೆ ಕೊಂಡ ಕಾರು. ಕುಶಾಲನಗರದ ಡ್ರೈವಿಂಗ್ ಸ್ಕೂಲಿನಲ್ಲಿ ಹದಿನೆಂಟರ ಹುಡುಗಿಯರ ನಡುವೆ ಕೂತು ಕ್ಲಚ್ಚು ಬಿಡುವುದನ್ನು ಕಲಿತಿದ್ದ. ಮೂವತ್ತಮೂರು ವರ್ಷ ನೆಲ್ಯಹುದಿಕೇರಿಯ ಆಚೆಗಿನ ಎಸ್ಟೇಟಿನಲ್ಲಿ ರೈಟರಾಗಿ ಲೆಕ್ಕ ಬರೆದು, ಆಳುಗಳ ಬೆಳಗಿನ ಹಾಜರಿ ಕೂಗಿದವನು, ಮೈಸೂರಿನ ಸಂಜೆ ಕಾಲೇಜಿನ ಬಿ.ಎ. ಪದವಿಯವನು, ಕಾರಿನ ಜೊತೆಗೆ ಒಂದು ವಿದೇಶಿ ಗಡಿಯಾರ, ಎರಡು ಜೊತೆ ಬೂಟು, ಬಿಸಿಲಿಗೊಂದು ಕಪ್ಪು ಕನ್ನಡಕವನ್ನೂ ಕೊಂಡಿದ್ದ. ಮಗಳು ಆಶಾರಾಣಿ ಹಾಸನದಿಂದ ಫೋನು ಮಾಡಿ, "ಅಪ್ಪಾ, ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ?" ಎಂದಿದ್ದಳು. ಯಾವ ವಯಸ್ಸಿಗೆ ಬೇಕಿತ್ತು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಅವಳ ಶಾಲೆ, ಅವಳ ಕಾಲೇಜು, ಅವಳ ಮದುವೆ ಎಲ್ಲ ಬಾಯಿಗೆ ಬರುತ್ತಿದ್ದವು. ಬಂದರೆ ಮತ್ತೆ ಒಂದು ವಾರ ನಿದ್ದೆ ಇಲ್ಲ.

ಸೀಟುಗಳ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಸರಿಯಾದ ದಿನ ನೋಡಿ ತೆಗೆಯೋಣ ಎಂದಿದ್ದ. ಆ ದಿನ ಯಾವುದು ಎಂದು ಅವನಿಗೆ ಮಾತ್ರ ಗೊತ್ತಿತ್ತು. ಇವತ್ತು.

ಎಸ್ಟೇಟಿನ ಸಾಹುಕಾರರು ನಾಣಯ್ಯ. ಅವರ ಮಗ ಮಿಲನ್ ಬಂಗಲೆಯ ಪಕ್ಕ ಹೋಂಸ್ಟೇ ತೆರೆದಿದ್ದ. "ಊಟಕ್ಕೆ ಬನ್ನಿ ಅಂಕಲ್, ಆಂಟೀನೂ ಕರ್ಕೊಂಡು," ಎಂದು ಮೊಬೈಲಿಗೆ ಮೆಸೇಜು ಬಂದಿತ್ತು. ಸಣ್ಣಸ್ವಾಮಿ ಅದನ್ನು ಮೂರು ಸಲ ಓದಿದ್ದ. ಊಟಕ್ಕೆ. ಅತಿಥಿಯಾಗಿ. ಅತಿಥಿಗಳ ಕಾರು ಬಂಗಲೆಯ ಬಾಗಿಲ ಮುಂದಿನ ಪೋರ್ಟಿಕೋಗೆ ಹೋಗುತ್ತದೆ.

ರೈಟರ ಗಾಡಿ ಹೋಗುವುದಿಲ್ಲ. ರೈಟರು ಕಾಫಿ ಒಣಗಿಸುವ ಕಣದ ಹತ್ತಿರ ಬೈಕು ನಿಲ್ಲಿಸಿ ಬಂಗಲೆಗೆ ನಡೆದು ಹೋಗಬೇಕು. ಮಳೆಯಿದ್ದರೂ, ಜ್ವರವಿದ್ದರೂ. ಇದು ಯಾರೂ ಹೇಳಿದ ನಿಯಮವಲ್ಲ. ಅದಕ್ಕೇ ಮುರಿಯುವುದು ಕಷ್ಟ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಜೋರು ಮಳೆಯಲ್ಲಿ, ಅವನು ಬೈಕನ್ನು ಸೀದಾ ಪೋರ್ಟಿಕೋದೊಳಗೆ ತಂದಿದ್ದ. ನಾಣಯ್ಯ ಹೊರಗೆ ಬಂದರು. ಬೈಯಲಿಲ್ಲ. ಕೆಂಪು ಗಾರೆ ನೆಲದ ಮೇಲೆ ಬಿದ್ದ ಟೈರಿನ ಕೆಸರನ್ನು ನೋಡಿದರು, ಒಳಗೆ ಹೋದರು. ಅಷ್ಟೆ. ಸಣ್ಣಸ್ವಾಮಿ ತನ್ನ ಟವೆಲಿನಿಂದಲೇ ನೆಲ ಒರೆಸಿದ್ದ. ಯಾರೂ ಒರೆಸು ಎಂದಿರಲಿಲ್ಲ.

ಎಸ್ಟೇಟಿನ ಗೇಟು ತೆಗೆದವಳು ಹೊನ್ನಮ್ಮ. ಕೂಲಿಯವರ ಲೈನುಮನೆಯ ಹಳೆಯ ಆಳು. ಈಗ ಮಂಡಿ ನೋವೆಂದು ಗೇಟಿಗೆ ಹಾಕಿದ್ದರು. ಕಪ್ಪು ಕನ್ನಡಕದೊಳಗೆ ಇಣುಕಿ ನೋಡಿ ಕೈ ತಟ್ಟಿದಳು.

"ಅಯ್ಯೋ, ರೈಟರಯ್ಯ! ನಾನ್ ಯಾರೋ ಬೆಂಗಳೂರಿಂದ ಬಂದೋರು ಅನ್ಕಂಡೆ. ಯಾರ್ದು ಕಾರು?"

"ನಮ್ದೇ."

"ನಮ್ದೇ ಅಂತೀರ. ಸಾವ್ಕಾರ್ರ ಜೀಪನ್ನೂ ನಮ್ದೇ ಅಂತಿದ್ರಿ. ನಮ್ ಕಾಫಿ, ನಮ್ ತೋಟ, ನಮ್ ಜೀಪು." ಅವಳು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನಿಜ ಹೇಳಿ, ಯಾರ್ದು?"

"ನಿಜವಾಗ್ಲೂ ಇವರದೇ ಕಣೇ," ಎಂದಳು ಕಾಳಮ್ಮ ಹಿಂದಿನಿಂದ.

"ಹಂಗಾದ್ರೆ ನೀವ್ಯಾಕಕ್ಕ ಹಿಂದೆ ಕುಂತಿದ್ದೀರಿ?"

ಸಣ್ಣಸ್ವಾಮಿ ಗೇರು ಹಾಕಿದ. ಹೊನ್ನಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅನ್ಯಾಯ. ಆದರೆ ಅನ್ಯಾಯವಾಗಿ ಸಿಟ್ಟು ಮಾಡಿಕೊಳ್ಳುವ ಹಕ್ಕು ತನಗೊಬ್ಬನಿಗೆ ಮಾತ್ರ ಏಕಿಲ್ಲ? ಮೂವತ್ತಮೂರು ವರ್ಷ 'ನಮ್ಮದು' ಎಂದನಲ್ಲ, ಆಗ ಯಾರೂ ತಿದ್ದಲಿಲ್ಲ. ಈಗ ಒಂದೇ ಒಂದು ಸಲ ನಿಜ ಹೇಳಿದರೆ ಸಾಕ್ಷಿ ಕೇಳುತ್ತಾರೆ.

ದಾರಿ ತೋಟದ ನಡುವೆ ಇಳಿದು, ತಿರುಗಿ, ಕಣದ ಪಕ್ಕಕ್ಕೆ ಬಂತು. ಕಣದ ತುಂಬ ಹಣ್ಣುಕಾಫಿ ಹರಡಿತ್ತು, ಹುಳಿ ವಾಸನೆ. ಎದುರಿಗೆ ನೇರ ಬಂಗಲೆ. ನಾಲ್ಕು ದುಂಡು ಕಂಬಗಳ ಪೋರ್ಟಿಕೋ, ಅದರ ಕೆಳಗಿನ ನೆರಳು.

ಕಾರು ನಿಂತಿತು.

ಅವನು ನಿಲ್ಲಿಸಲಿಲ್ಲ. ಕಾಲು ನಿಲ್ಲಿಸಿತು. ಬೈಕು ನಿಲ್ಲಿಸುತ್ತಿದ್ದ ಅದೇ ಜಾಗದಲ್ಲಿ, ಹಳೆಯ ಸಿಲ್ವರ್ ಮರದ ಬುಡದಲ್ಲಿ, ಒಂದು ಗೇಣೂ ಆಚೀಚೆ ಇಲ್ಲದೆ.

"ಯಾಕ್ ನಿಲ್ಲಿಸಿದ್ರಿ?"

"ಬಿಸಿಲು. ಇಲ್ಲಿ ನೆರಳಿದೆ."

"ಅಲ್ಲೂ ನೆರಳದೆ."

ಬಂಗಲೆಯ ಮೆಟ್ಟಿಲ ಮೇಲೆ ಬಿಳಿ ಪಂಚೆಯಲ್ಲಿ ನಾಣಯ್ಯ ನಿಂತಿದ್ದರು. ಕಣ್ಣಿಗೆ ಪೊರೆ ಬಂದಿತ್ತಂತೆ. ಅವರು ಕೈ ಮೇಲೆತ್ತಿದರು. ಬಾ ಎಂದರೋ, ಅಲ್ಲೇ ಇರು ಎಂದರೋ, ಇಷ್ಟು ದೂರಕ್ಕೆ ತಿಳಿಯಲಿಲ್ಲ. ಸಣ್ಣಸ್ವಾಮಿ ಮತ್ತೆ ಗೇರಿಗೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಒಂದು ಟ್ಯಾಕ್ಸಿ, ಹಳದಿ ಬೋರ್ಡಿನದು, ಪಕ್ಕದಲ್ಲೇ ನುಗ್ಗಿ, ಕಣದ ಅಂಚಿನ ನಾಲ್ಕು ಹಣ್ಣು ಅರೆದುಕೊಂಡು, ಸೀದಾ ಪೋರ್ಟಿಕೋದೊಳಗೆ ಹೋಗಿ ನಿಂತಿತು. ಡ್ರೈವರು ಚೂಯಿಂಗ್ ಗಮ್ ಜಗಿಯುತ್ತ ಇಳಿದ. ನಾಣಯ್ಯ ಅದರೊಳಗಿನವರಿಗೆ ಕೈ ಮುಗಿದರು.

ಸಣ್ಣಸ್ವಾಮಿ ಇಳಿದು ಸುತ್ತಿ ಬಂದು ಬಾಗಿಲು ತೆಗೆದ. ಕಾಳಮ್ಮ ಸೀರೆ ಸರಿಮಾಡಿಕೊಂಡಳು.

"ನೀವ್ ಬರಲ್ವಾ?"

"ಕಾರು ಸ್ವಲ್ಪ ಸರಿಯಾಗಿ ನಿಲ್ಲಿಸಿ ಬರ್ತೀನಿ. ನೀನು ನಡಿ."

ಅವಳು ನಡೆದಳು. ಮೆಟ್ಟಿಲ ಮೇಲೆ ನಾಣಯ್ಯನವರ ಹೆಂಡತಿ ಪೊನ್ನಮ್ಮ, "ಬಾ ಕಾಳಮ್ಮ, ಎಷ್ಟ್ ದಿನ ಆಯ್ತು ಮಾರಾಯ್ತಿ," ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದದ್ದು ಕಾಣಿಸಿತು. ಅಷ್ಟು ಸುಲಭ. ಅದು ಅಷ್ಟು ಸುಲಭವಾಗಿರುವುದೇ ಅವನಿಗೆ ಅವಮಾನವೆನಿಸಿತು.

ಕಾರು ಸರಿಯಾಗಿಯೇ ನಿಂತಿತ್ತು. ಮಾಡಲು ಏನೂ ಇಲ್ಲದೆ ಅವನು ಬಟ್ಟೆ ತೆಗೆದು ಬಾನೆಟ್ಟು ಒರೆಸಿದ. ಒರೆಸುತ್ತಿದ್ದೇನೆಂದು ಗೊತ್ತಾದಾಗ ಬಟ್ಟೆಯನ್ನು ಒಳಗೆ ಎಸೆದ. ತನ್ನ ಹಳೆಯ ಆಫೀಸಿನ ಕೋಣೆಯಾದರೂ ನೋಡೋಣವೆಂದು ಕಣದ ಆಚೆಗೆ ನಡೆದ.

ಬಾಗಿಲ ಮೇಲೆ ಹೊಸ ಬೋರ್ಡು: ಡ್ರೈವರ್‌ಗಳ ವಿಶ್ರಾಂತಿ ಕೊಠಡಿ.

ಒಳಗೆ ಟ್ಯಾಕ್ಸಿಯವನೂ ಇನ್ನಿಬ್ಬರೂ ಊಟಕ್ಕೆ ಕೂತಿದ್ದರು. ಅವನ ಮೇಜೇ ಊಟದ ಮೇಜಾಗಿತ್ತು. ಹಾಜರಿ ಪುಸ್ತಕ ನೇತುಹಾಕುತ್ತಿದ್ದ ಮೊಳೆಯಲ್ಲಿ ಯಾರದೋ ಕಾರಿನ ಕೀ.

"ಬಾ ಅಣ್ಣ, ಕೂತ್ಕೊ. ಊಟ ಫ್ರೀ, ನಾಚ್ಕೋಬೇಡ," ಎಂದ ಟ್ಯಾಕ್ಸಿಯವನು, ಪಕ್ಕಕ್ಕೆ ಸರಿದು. "ನಾನು ನವೀನ, ಮಡಿಕೇರಿ ಸ್ಟ್ಯಾಂಡು. ಯಾವ ಪಾರ್ಟಿ ತಂದಿದ್ದೀಯ?"

"ಪಾರ್ಟಿ ಇಲ್ಲ. ಕಾರು ನನ್ನದೇ."

"ಓ, ಓನರ್ ಕಮ್ ಡ್ರೈವರಾ!" ನವೀನ ನಿಜವಾದ ಗೌರವದಿಂದ ಹೇಳಿದ. "ಅದೇ ಒಳ್ಳೇದಣ್ಣ. ಯಾರ ಹಂಗೂ ಇಲ್ಲ. ನಾನೂ ಮುಂದಿನ ವರ್ಷ ಹಂಗೇ ಮಾಡ್ಬೇಕು ಅಂತಿದ್ದೀನಿ."

"ಬಾಡಿಗೆಗಲ್ಲ. ಸ್ವಂತಕ್ಕೆ."

"ಅದೇ, ಸ್ವಂತದ್ದೇ."

ಇನ್ನು ಹೇಗೆ ಹೇಳುವುದು? ಅನ್ನ, ಹಂದಿ ಮಾಂಸದ ಸಾರು, ಹಪ್ಪಳ ಬಂತು. ತಾನು ಅತಿಥಿ, ತನ್ನ ಎಲೆ ಬಂಗಲೆಯ ಮೇಜಿನ ಮೇಲಿದೆ, ಮೊಬೈಲಿನಲ್ಲಿ ಮೆಸೇಜಿದೆ. ಎದ್ದು ಹೋಗಬೇಕು. ಈಗಲೇ. ಹೀಗೆಂದುಕೊಳ್ಳುತ್ತಲೇ ಅವನು ಕೂತ. ಬೆಂಚಿನ ಆ ತುದಿಯ ತಗ್ಗು ಅವನ ಮೈಗೆ ಗೊತ್ತಿತ್ತು. ಸಾರು ಚೆನ್ನಾಗಿತ್ತು. ಇಡೀ ದಿನದಲ್ಲಿ ಮೊದಲ ಸಲ ಭುಜ ಸಡಿಲವಾಯಿತು. ಬಂಗಲೆಯಿಂದ ಯಾರೂ ಹುಡುಕಿಕೊಂಡು ಬರಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡ. ಕೈ ತೊಳೆಯುವಾಗ ಇದೆಲ್ಲ ನೆನಪಾಗಿ ಸಿಟ್ಟು ಬಂತು.

ಯಾರ ಮೇಲೆ? ಬಂಕಿನವಳು ಉಪಕಾರ ಮಾಡಲು ಬಂದಳು. ಹೊನ್ನಮ್ಮ ತಮಾಷೆ ಮಾಡಿದಳು. ನವೀನ ಜಾಗ ಬಿಟ್ಟುಕೊಟ್ಟ. ಸಾಹುಕಾರರು ಕೈ ಎತ್ತಿದರು, ಅಷ್ಟೆ. ಒಬ್ಬರಾದರೂ ಅವಮಾನ ಮಾಡಿದ್ದರೆ ಎದುರು ನಿಂತು ಕೇಳಬಹುದಿತ್ತು. ಯಾರೂ ಏನೂ ಮಾಡದೆಯೇ ಮನುಷ್ಯನನ್ನು ಇಷ್ಟು ಚಿಕ್ಕವನನ್ನಾಗಿ ಮಾಡಬಹುದೇ? ಈ ವ್ಯವಸ್ಥೆ ಯಾರದು? ಒರೆಸು ಎಂದವರು ಯಾರು?

ಅವನು ದಡದಡನೆ ನಡೆದು ಕಾರು ಹತ್ತಿದ.

ಪೋರ್ಟಿಕೋ ಖಾಲಿಯಿತ್ತು. ಟ್ಯಾಕ್ಸಿಯನ್ನು ಹಿಂದಕ್ಕೆ ತೆಗೆದು ನಿಲ್ಲಿಸಿದ್ದರು. ಬಂದವರು ಒಳಗೆ ಊಟ ಮುಗಿಸುತ್ತಿರಬೇಕು. ಪಾತ್ರೆಯ ಸದ್ದು ಕೇಳುತ್ತಿತ್ತು. ಸಣ್ಣಸ್ವಾಮಿ ಕಣ ದಾಟಿದ, ಸಿಲ್ವರ್ ಮರ ದಾಟಿದ, ಈ ಸಲ ಆಕ್ಸಿಲರೇಟರನ್ನು ಒತ್ತಿಯೇ ಹಿಡಿದ. ಬಿಳಿ ಕಾರು ಕಂಬಗಳ ನಡುವಿನ ನೆರಳಿನೊಳಗೆ ಬಂದು ನಿಂತಿತು.

ಬಂದಾಯಿತು.

ಯಾರೂ ನೋಡಲಿಲ್ಲ. ಯಾರೂ ಹೊರಗೆ ಬರಲಿಲ್ಲ. ಎಂಜಿನ್ನು ಆರಿಸಿ ಇಳಿದು ಬಾಗಿಲು ಹಾಕಿದ. ಈಗೇನು? ಮೂವತ್ತಮೂರು ವರ್ಷ ಅವನು ಇಲ್ಲಿಯವರೆಗೆ ಮಾತ್ರ ಯೋಚಿಸಿದ್ದ. ಸ್ಟೇರಿಂಗು ಹಿಡಿದು ಬಂದರೆ ಬಂದಂತೆ ಆಗಲಿಲ್ಲ ಎನಿಸಿತು. ಇಲ್ಲಿಗೆ ಬಂದವರೆಲ್ಲ ಹಿಂದಿನ ಸೀಟಿನಿಂದ ಇಳಿದವರು. ಒಂದು ಸಲ, ಒಂದೇ ಒಂದು ನಿಮಿಷ, ಅಲ್ಲಿಂದ ಈ ಮೆಟ್ಟಿಲು ಹೇಗೆ ಕಾಣುತ್ತದೆಂದು ನೋಡಬೇಕು.

ಅವನು ಹಿಂದಿನ ಬಾಗಿಲು ತೆರೆದು ಒಳಗೆ ಕೂತು ಎಳೆದುಕೊಂಡ. ಪ್ಲಾಸ್ಟಿಕ್ಕು ಕರಕರ ಎಂದಿತು. ಕಾಳಮ್ಮನಿಗೆ ಬಿಸಿಲು ಬಡಿಯದಿರಲೆಂದು ಗಾಜಿಗೆ ಹಚ್ಚಿದ್ದ ಕಪ್ಪು ಬಲೆಯ ಪರದೆಯಿಂದ ಮೆಟ್ಟಿಲು ಮಸುಕಾಗಿ ಕಾಣಿಸಿತು. ಮೆಟ್ಟಿಲಿನಂತೆಯೇ ಇತ್ತು. ಇಳಿಯೋಣವೆಂದು ಬಾಗಿಲಿನ ಹಿಡಿ ಎಳೆದ.

ತೆರೆಯಲಿಲ್ಲ. ಆ ಕಡೆಯದೂ ಇಲ್ಲ.

ನಗು ಬರಬೇಕಿತ್ತು. ಮುಂದಕ್ಕೆ ಬಗ್ಗಿದರೆ ಹಾರನ್ನು ಕೈಗೆ ಸಿಗುತ್ತಿತ್ತು. ಅಷ್ಟರಲ್ಲಿ ಊಟ ಮುಗಿಸಿದವರು ಹೊರಗೆ ಬಂದರು, ಮುಂದೆ ನಾಣಯ್ಯ, ಹಿಂದೆ ಮಿಲನ್. ನಾಣಯ್ಯ ಬಗ್ಗಿ ನೆಲ ನೋಡಿದರು. ಗಾರೆಯ ಮೇಲೆ ಟೈರಿಗೆ ಅಂಟಿ ಬಂದ ಕಾಫಿಹಣ್ಣಿನ ಕೆಂಪು ರಸದ ಗೆರೆ. ಆಮೇಲೆ ಮುಂದಿನ ಸೀಟಿಗೆ ಕಣ್ಣು ಹತ್ತಿರ ತಂದು ನೋಡಿದರು. ಎರಡು ಸಲ ಗಾಜು ತಟ್ಟಿದರು.

"ಯಾರ್ದ್ ಕಾರ್ ಇದು? ಡ್ರೈವರ್ ಎಲ್ಲಿ?"

"ನವೀನ್, ಯಾರ್ದೋ ನೋಡು," ಎಂದ ಮಿಲನ್, ಮೆಟ್ಟಿಲ ಕೆಳಗೆ ಬಂದು ನಿಂತಿದ್ದ ಟ್ಯಾಕ್ಸಿಯವನಿಗೆ. "ನಿನ್ನ ಗಾಡಿ ತರೋಕೆ ಜಾಗ ಇಲ್ಲ."

"ಓನರ್ ಕಮ್ ಡ್ರೈವರ್ ಅಣ್ಣಂದು ಸಾರ್. ಈಗ ತಾನೇ ನಮ್ ಜೊತೆ ಊಟ ಮಾಡಿದ್ರು."

ಕಾಳಮ್ಮ ಬಂದಳು. ಪೊನ್ನಮ್ಮ ಕೊಟ್ಟ ಹೂವಿನ ಗಿಡವೊಂದನ್ನು ಎದೆಗೊತ್ತಿ ಹಿಡಿದಿದ್ದಳು. ಕಾರನ್ನು ಕಂಡು ಮುಖ ಅರಳಿತು. "ನಮ್ಮೋರದು," ಎಂದಳು ಎಲ್ಲರಿಗೂ. "ಇಲ್ಲೇ ಎಲ್ಲೋ ಇರ್ತಾರೆ. ಕಾರ್ ಬಿಟ್ಟು ದೂರ ಹೋಗಲ್ಲ."

ಹೊರಗಿನಿಂದ ಎಳೆದರೆ ಬಾಗಿಲು ತೆರೆಯುತ್ತಿತ್ತು. ಆದರೆ ಅವಳು ಎಂದಿನಂತೆ ಹಿಂದಿನ ಬಾಗಿಲ ಪಕ್ಕಕ್ಕೆ ಬಂದು, ಯಾರಾದರೂ ಬಂದು ತೆರೆಯಲಿ ಎಂದು, ಗಿಡ ಹಿಡಿದು ನಿಂತಳು. ಬಲೆಯ ಈಚೆ, ಒಂದು ಗೇಣು ದೂರದಲ್ಲಿ, ಸಣ್ಣಸ್ವಾಮಿ ಗಾಜು ತಟ್ಟಲೆಂದು ಬೆರಳು ಮಡಿಸಿ ಎತ್ತಿದ ಕೈ ಹಾಗೇ ನಿಂತಿತ್ತು. ಎಲ್ಲರೂ ಕಣದ ಕಡೆಗೆ ನೋಡುತ್ತಿದ್ದರು. ಅವನೂ ಖಾಲಿ ಸೀಟಿನ ಆಚೆಗೆ, ಗಾಜಿನ ಆಚೆಗೆ, ಸಿಲ್ವರ್ ಮರದ ಕಡೆಗೇ ನೋಡತೊಡಗಿದ್ದ, ಅಲ್ಲಿಂದ ಯಾರೋ ಓಡೋಡಿ ಬರಬೇಕಾಗಿದೆ ಎಂಬಂತೆ.