ಮುಚ್ಚಳದ ಮೇಲಿನ ವಿಭೂತಿ

ತೊಂಬತ್ತೊಂದನೆಯ ಇಸವಿ. ಗಾಡಿ, ಹತ್ಯಾರಗಳಿಗೆ ಪೂಜೆ ಮಾಡುವ ಖಂಡೇಪೂಜೆಯ ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ ಸ್ಟ್ಯಾಂಡ್ ಎದುರಿನ ತಗಡಿನ ಶೆಡ್ಡಿನ ಮುಂದೆ ಹಳೇ ಕರೀ ಅಂಬಾಸಿಡರ್ ಒಂದು ಎರಡು ಸಲ ಕೆಮ್ಮಿ ನಿಂತಿತು. ಒಳಗಿದ್ದ ಮಿಸ್ತ್ರಿ ಸಾಯಬಣ್ಣ ತಲೆ ಎತ್ತದೆಯೇ ಅದರ ಗುರುತು ಹಿಡಿದ. ಅವ್ವ ದುಂಡಮ್ಮ ಬೀಸುತ್ತಾ ಹೇಳುತ್ತಿದ್ದ ಪದ ಕೇಳಿ ಕೇಳಿ ಬೆಳೆದ ಕಿವಿ ಅವನದು. ಮುಖ ಮರೆತಾನು, ದನಿ ಮರೆಯಲಾರ.

ಹನ್ನೆರಡು ವರ್ಷದ ಹಿಂದೆ ಅವನು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಶಬ್ಬೀರ್ ಭಾಯಿಯ ಗ್ಯಾರೇಜಿನಲ್ಲಿದ್ದ. ಇದೇ ಗಾಡಿ ನಿಂತು ನಿಂತು ಹೋಗುತ್ತದೆಂದು ಅದರ ಮಾಲೀಕ ಜಗದೇವಪ್ಪ ಸಾವಕಾರ ಹೊಸ ಪೆಟ್ರೋಲ್ ಪಂಪ್ ತಂದು ಕೊಟ್ಟಿದ್ದ. ಸಾಯಬಣ್ಣ ಕೂಡಿಸಿದ. ಗಾಡಿ ಹೋಯಿತು, ಸಂಜೆಗೆ ಮತ್ತೆ ನಿಂತಿತು. ಹೊಸ ಪಂಪ್ ಕದ್ದು ಹಳೇದನ್ನೇ ತಿಕ್ಕಿ ಹಾಕಿದ್ದೀ ಅಂದ ಸಾವಕಾರ, ಆಟೋ ಸ್ಟ್ಯಾಂಡಿನ ಮಂದಿಯ ಎದುರು ಕಾಲಿನ ಚಪ್ಪಲಿ ಕಳೆದು ಹೊಡೆದ. ದೊಡ್ಡ ಗಿರಾಕಿ ಕೈಬಿಟ್ಟಾನೆಂದು ಶಬ್ಬೀರ್ ಸಾಯಬಣ್ಣನನ್ನು ಹೊರಗೆ ಹಾಕಿದ. ಕಳ್ಳನೆಂಬ ಹೆಸರು ಅವನಿಗಿಂತ ಮೊದಲು ಕಮಲಾಪುರ ಮುಟ್ಟಿತು. ಭಜನೆಯಲ್ಲಿ ಮೊದಲ ಸಾಲಿಗೆ ಕೂಡುತ್ತಿದ್ದ ದುಂಡಮ್ಮ ಅಂದಿನಿಂದ ಬಾಗಿಲ ಹತ್ತಿರ, ಚಪ್ಪಲಿ ಬಿಡುವ ಜಾಗದಲ್ಲಿ ಕೂತಳು. ಹನ್ನೊಂದು ವರ್ಷ ಅಲ್ಲೇ ಕೂತು, ಹೋದ ವರ್ಷ ಕಣ್ಣು ಮುಚ್ಚಿದಳು.

ಸಾವಕಾರ ಇಳಿದು ಬಂದ. ಗಡ್ಡ ಬಿಟ್ಟ ಮಿಸ್ತ್ರಿಯ ಗುರುತು ಅವನಿಗೆ ಹತ್ತಲಿಲ್ಲ. ಹುಮನಾಬಾದಿನಲ್ಲಿ ಪೆಟ್ರೋಲ್ ಟಾಕಿ ತುಂಬಿಸಿದ ಮೇಲೆ ಇದು ಮೂರನೇ ಸಲ ನಿಂತದ್ದು, ಮಗಳ ನಿಶ್ಚಯಕ್ಕೆ ಬೀಗರು ಮಧ್ಯಾಹ್ನಕ್ಕೆ ಕಲಬುರಗಿಯ ಮನೆಗೆ ಬರುವವರಿದ್ದಾರೆ ಎಂದು ಹೇಳಿಕೊಂಡ. ಹೊಡೆದವನಿಗೆ ನೆನಪಿಲ್ಲವೆಂಬುದು ಸಾಯಬಣ್ಣನಿಗೆ ಚಪ್ಪಲಿ ಏಟಿಗಿಂತ ಉರಿಯಿತು.

ಬಾನೆಟ್ ಎತ್ತಿದ. ಪ್ಲಗ್ಗಿನಲ್ಲಿ ಕಿಡಿ ಚೊಕ್ಕ ಇತ್ತು. ಕಾರ್ಬೊರೇಟರಿನ ಪೈಪ್ ಬಿಚ್ಚಿ, ಸಾವಕಾರನಿಂದ ಸೆಲ್ಫ್ ಹೊಡೆಸಿದ. ಪೈಪಿನಿಂದ ಒಂದು ಹನಿ ಬರಲಿಲ್ಲ. ಪಂಪಿನ ಸಣ್ಣ ಹಿಡಿಕೆ ಕೈಯಿಂದ ಒತ್ತಿ ನೋಡಿದ. ಹಿಡಿಕೆ ಗಟ್ಟಿ ಇತ್ತು, ಪಂಪಿಗೆ ಜೀವವಿತ್ತು, ಎಳೆದರೆ ಮಾತ್ರ ಏನೂ ಬರುತ್ತಿರಲಿಲ್ಲ. ತುಂಬಿದ ಟಾಕಿ, ಒಳ್ಳೇ ಪಂಪ್, ಒಣ ಪೈಪ್. ಹಾಗಾದರೆ ತಡೆದವರು ಯಾರು?

ಹಿಂದಕ್ಕೆ ಹೋದ. ಪೆಟ್ರೋಲ್ ಟಾಕಿಯ ಮುಚ್ಚಳದ ಮೇಲೆ ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಒಣಗಿ ಗಾರೆಯಂತೆ ಹಿಡಿದಿತ್ತು. ಗಾಡಿ ಉಣ್ಣುವ ಬಾಯಿ ಅದು, ಪೂಜೆ ಅಲ್ಲಿಂದಲೇ ಸುರು ಮಾಡುವುದು ನಮ್ಮಪ್ಪನ ಕಾಲದಿಂದ ಪದ್ಧತಿ ಎಂದ ಸಾವಕಾರ ಹೆಮ್ಮೆಯಿಂದ. ಸಾಯಬಣ್ಣ ಮುಚ್ಚಳ ತಿರುವಿದ. ಟಾಕಿ ಸುಸ್ಸೆಂದು ಗಾಳಿಯನ್ನು ಒಳಗೆ ಎಳೆದುಕೊಂಡಿತು.

ಮುಚ್ಚಳದಲ್ಲಿ ಗಾಳಿಯಾಡಲಿಕ್ಕೆ ಒಂದು ಸೂಜಿತೂತು ಇರುತ್ತದೆ. ಅದು ಮುಚ್ಚಿದರೆ, ಪೆಟ್ರೋಲ್ ಇಳಿದಷ್ಟೂ ಒಳಗೆ ಗಾಳಿ ಸಾಲದೆ ಬಿಗಿಯಾಗಿ, ಕಡೆಗೆ ಪಂಪಿಗೂ ಎಳೆಯಲು ಆಗುವುದಿಲ್ಲ. ಮುಚ್ಚಳ ತೆಗೆದರೆ ಎಲ್ಲ ಸರಿ. ಹಾಕಿದರೆ ಮತ್ತೆ ಅದೇ ಕತೆ. ಸಾಯಬಣ್ಣ ಮುಚ್ಚಳವನ್ನು ಬೆಳಕಿಗೆ ಹಿಡಿದ. ತಾನು ಏಟು ತಿಂದದ್ದೂ ಖಂಡೇಪೂಜೆಯ ಮರುದಿನವೇ.

ಅಂಗಿಯ ಕಾಲರಿನಲ್ಲಿ ಕಾರ್ಬೊರೇಟರಿನ ಸಣ್ಣ ತೂತು ಚೊಕ್ಕ ಮಾಡುವ ಸೂಜಿ ಇತ್ತು. ಚುಚ್ಚಿದ್ದರೆ ಒಂದು ಗಳಿಗೆಯ ಕೆಲಸ. ಅವನು ಮುಚ್ಚಳವನ್ನು ಇದ್ದ ಹಾಗೆಯೇ ತಿರುವಿ ಬಿಗಿದ.

“ಪಂಪಿಂದೇ ತಕರಾರು ಕಾಣ್ತದ್ರಿ,” ಅಂದ. “ಕಲಬುರಗಿ ತನಕ ನಾನೇ ಬರ್ತೀನಿ. ದಾರ್ಯಾಗ ನಿಂತ್ರ ನೋಡ್ಲಿಕ್ಕಿ ಆಗ್ತದ.”

ಸಾವಕಾರ ಕೈಮುಗಿಯುವುದೊಂದು ಬಾಕಿ. ಗಾಡಿ ಸುರುವಾಯಿತು. ಸಾವಕಾರ ನಡೆಸಿದ, ಸಾಯಬಣ್ಣ ಪಕ್ಕದಲ್ಲಿ ಕೂತು ಕಿಲೋಮೀಟರಿನ ಕಲ್ಲು ಎಣಿಸಿದ. ಒಂಬತ್ತನೇ ಕಲ್ಲಿಗೆ ನಿಂತಿತು. ಬಾನೆಟ್ ಎತ್ತಿ ಸುಮ್ಮನೆ ಬಗ್ಗಿ ನೋಡಿದಂತೆ ಮಾಡಿ, ಹಿಂದೆ ಹೋಗಿ ಮುಚ್ಚಳ ತೆಗೆದು ಮತ್ತೆ ಹಾಕಿದ. ಮತ್ತೆ ಒಂಬತ್ತಕ್ಕೆ ನಿಂತಿತು. ಲೆಕ್ಕ ಸಿಕ್ಕಿತು. ತಾಜಸುಲ್ತಾನಪುರದ ಕಡೆ ಹೊರಳುವ ದಾರಿಗಿಂತ ತುಸು ಮೊದಲು, ಸ್ಟೇಶನ್ ಬಜಾರಕ್ಕೆ ಒಂಬತ್ತು ಕಿಲೋಮೀಟರ್ ಉಳಿದಿರುವಾಗ, ಇಂಜಿನ್ ಕಾದಿದೆಯೆಂದು ತಾನೇ ನಿಲ್ಲಿಸಲು ಹೇಳಿ, ಮುಚ್ಚಳಕ್ಕೆ ಗಾಳಿ ಕುಡಿಸಿದ. ಹೊಸ ಪಂಪ್ ಸ್ಟೇಶನ್ ಬಜಾರದಲ್ಲೇ ಸಿಗುವುದೆಂದು ಗಾಡಿಯನ್ನು ಆ ಕಡೆ ತಿರುಗಿಸಲು ಹೇಳಿದ.

ಶಬ್ಬೀರನ ಗ್ಯಾರೇಜಿಗೆ ಇಪ್ಪತ್ತು ಹೆಜ್ಜೆ ಇರುವಾಗಲೇ ಗಾಡಿ ಸತ್ತಿತು. ಸಾಯಬಣ್ಣ ಸ್ಟೇರಿಂಗಿಗೆ ಕೂತ. ರೇಷ್ಮೆ ರುಮಾಲಿನ ಸಾವಕಾರ ಇಳಿದು ಹಿಂದಿನಿಂದ ತಳ್ಳಬೇಕಾಯಿತು. ಆಟೋದವರು ನಗುತ್ತಾ ಕೈಹಚ್ಚಿದರು. ಸ್ಟೂಲಿನ ಮೇಲಿದ್ದ ಮುದುಕ ಶಬ್ಬೀರ್ ಗಾಡಿ ನೋಡಿದ, ಆಮೇಲೆ ಸ್ಟೇರಿಂಗಿನಿಂದ ಇಳಿದವನನ್ನು. ಕನ್ನಡಕ ತೆಗೆದು ಒರೆಸಿಕೊಂಡ.

“ಸಾವಕಾರ್ರ, ನಿಮ್ಮ ಕೈಲೇ ಮುಚ್ಚಳ ತೆಗೀರಿ,” ಅಂದ ಸಾಯಬಣ್ಣ.

ತೆಗೆದ. ಸುಸ್ಸೆಂದದ್ದು ಎಲ್ಲರಿಗೂ ಕೇಳಿತು. ಶಬ್ಬೀರ್ ಬಂದು ವಿಭೂತಿಯನ್ನು ನೋಡಿ ತಲೆ ತಗ್ಗಿಸಿ ನಿಂತ. ಕಸುಬುದಾರನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸಾವಕಾರನಿಗೆ ಸಾಯಬಣ್ಣ ಬಿಡಿಸಿಯೇ ಹೇಳಿದ, ಮಕ್ಕಳಿಗೆ ಹೇಳುವಂತೆ ನಿಧಾನಕ್ಕೆ. ಹೇಳುತ್ತಾ ಹೋದಂತೆ ಆ ಮುಖದಲ್ಲಿ ಹನ್ನೆರಡು ವರ್ಷದ ಹಿಂದಿನ ಸಂಜೆ ಮೂಡಿತು.

“ನೀನಾ?” ಅಂದ ಸಾವಕಾರ. ಆಮೇಲೆ ಮೆಲ್ಲಗೆ, “ನೀ ಕದ್ದಿದ್ದಿಲ್ಲ ಬಿಡಪಾ,” ಅಂದ.

“ಅವತ್ತಿನ ಚಪ್ಪಲಿ ಸಪ್ಪಳ ಆಟೋ ಸ್ಟ್ಯಾಂಡಿಗೆಲ್ಲ ಕೇಳಿತ್ರಿ. ಇದೂ ಅಷ್ಟೇ ಕೇಳ್ಬೇಕು.”

“ಬೀಗರು ಕಾಯಾಕತ್ತಾರೋ ತಮ್ಮಾ.”

“ನಮ್ಮವ್ವನೂ ಕಾದಳ್ರಿ. ಹನ್ನೊಂದು ವರ್ಷ.”

ಸಾವಕಾರ ಆಟೋದವರ ಕಡೆ ತಿರುಗಿ ಇವನು ಕದ್ದಿರಲಿಲ್ಲವೆಂದು ಹೇಳಿದ. ಪೂರಾ ಹೇಳಿದ, ಸಾಯಬಣ್ಣನ ಹೆಸರು ಹಿಡಿದು. ಆಮೇಲೆ ತೂತು ಬಿಡಿಸಿ ಕೊಡೆಂದು ಬೇಡಿದ. ಸಾಯಬಣ್ಣ ಕಾಲರಿನ ಸೂಜಿ ತೆಗೆಯಲಿಲ್ಲ. ಹಚ್ಚಿದ ಕೈಯೇ ತೆಗೆಯಬೇಕು ಅಂದ. ದೇವರ ಹೆಸರಲ್ಲಿ ಹಚ್ಚಿದ್ದನ್ನು ಸಾವಕಾರ ಮಂದಿಯ ಎದುರು ಉಗುರಿನಿಂದ ಕೆರೆದ, ಬಾಯಲ್ಲಿ ಏನೋ ಗೊಣಗುತ್ತಾ. ಬಿಳೀ ಪುಡಿ ರೇಷ್ಮೆಯ ಅಂಗಿಯ ಮೇಲೆ ಉದುರಿತು.

ಗಾಡಿ ಹೋಯಿತು. ಶಬ್ಬೀರ್ ತನ್ನ ಸ್ಟೂಲು ತಂದಿಟ್ಟು, ಒಳಗೆ ಕೂತು ಚಹಾ ಕುಡಿದು ಹೋಗೆಂದ. ಸಾಯಬಣ್ಣ ಸ್ಟೂಲು ದಾಟಿ ಹೊಸ್ತಿಲ ಹೊರಗೆ, ಕೆಲಸಗಾರರು ಚಪ್ಪಲಿ ಬಿಡುವ ಜಾಗದಲ್ಲಿ ಕೂತ.

“ಇಲ್ಲೇ ತಗೊಂಡು ಬರ್ರಿ,” ಅಂದ.

ಮುದುಕ ಚಹಾದ ಕಪ್ಪು-ಬಸಿ ಹಿಡಿದು ಹೊರಗೆ ಬಂದು, ಬಗ್ಗಿ ಅವನ ಕೈಗೆ ಕೊಟ್ಟ. ಸಾಯಬಣ್ಣ ಅವಸರ ಮಾಡದೆ ಕುಡಿದ.