ಅಡಿವೆವ್ವ ಹದ ನೋಡಿದ್ದು

ಸವಣೂರಿನ ಖಾರ, ಅದೇ ಕಡಲೆಹಿಟ್ಟಿನ ಶೇವು, ಅಂದರೆ ಹಾನಗಲ್ಲ, ಶಿಗ್ಗಾವಿ ಕಡೆಯವರೆಲ್ಲ ಬಾಯಿ ಚಪ್ಪರಿಸುತ್ತಾರೆ. ನಮ್ಮ ಅಂಗಡಿಗೆ ಬಂದವರು ಮಾತ್ರ ಸವಣೂರ ಖಾರ ಕೊಡಿ ಅನ್ನುತ್ತಿರಲಿಲ್ಲ, ಅಡಿವೆವ್ವನ ಖಾರ ಕೊಡಿ ಅನ್ನುತ್ತಿದ್ದರು. ಇದನ್ನು ಜಂಬ ಅನ್ನುವವರು ಅನ್ನಲಿ. ಒಲೆಯ ಮುಂದೆ ಕೂತು ಬೆವರು ಸುರಿಸಿದವಳು ನಾನು, ಜಂಬವೂ ನನ್ನದೇ.

ಅಂಗಡಿಯ ಹಿಂದೆ ನೆಲದಲ್ಲಿ ತೋಡಿದ ಒಲೆ, ಅದರ ಮೇಲೆ ದೊಡ್ಡ ಕಡಾಯಿ, ಎದುರಿಗೆ ಒಂದು ಗಿಡ್ಡ ಮಣೆ. ಆ ಮಣೆಯ ಮೇಲೆ ಕೂತು ನಾನು ಶೇವು ಕರಿಯುತ್ತಿದ್ದೆ. ಮುಂದೆ ತಕ್ಕಡಿ ಹಿಡಿದು ನಮ್ಮ ಯಜಮಾನರು, ಕರಬಸಪ್ಪ. ಗಂಡನ ಹೆಸರು ಹೇಳಬಾರದೆನ್ನುತ್ತಾರೆ, ನೋಡಿ, ಹೇಳಿಬಿಟ್ಟೆ. ನಮ್ಮ ಅತ್ತೆ ಹಾಕಿಕೊಟ್ಟ ಪದ್ಧತಿ ಒಂದಿತ್ತು. ಒಂದು ಸಲಕ್ಕೆ ಕಡಾಯಿಯಿಂದ ತೆಗೆದಷ್ಟಕ್ಕೆ ನಾವು ಘಾಣ ಅನ್ನುತ್ತೇವೆ. ಪ್ರತಿ ಘಾಣವೂ ಬುಟ್ಟಿಗೆ ಬೀಳುವ ಮೊದಲು ಕರಿದವಳು ಒಂದು ಹಿಡಿ ತಿಂದು ಹದ ನೋಡಬೇಕು. ಸೊಸೆಯಾಗಿ ಬೇರೆ ಯಾವ ಮಾತು ಕೇಳಿದೆನೋ ಬಿಟ್ಟೆನೋ, ಇದೊಂದನ್ನು ತಪ್ಪಿಸಲಿಲ್ಲ.

ನಮ್ಮೂರು ಮುಂಬಯಿ ಸರಕಾರ ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ ನನಗೆ ಎಷ್ಟು ಮೈ ಬಂದಿತ್ತೆಂದರೆ, ಮಣೆಯಿಂದ ಏಳಲು ಯಜಮಾನರು ತಕ್ಕಡಿ ಬಿಟ್ಟು ಬಂದು ಕೈ ಹಿಡಿದು ಎಳೆಯಬೇಕಿತ್ತು. ಒಂದು ಮಧ್ಯಾಹ್ನ ಗಿರಾಕಿಗಳು ಮುತ್ತಿದ್ದರು. ಅವರನ್ನೇಕೆ ಕರೆಯಲಿ ಎಂದು ನಾನೇ ಏಳಲು ಹೋದೆ. ಕಾಲು ಜಾರಿತು. ಕೈ ಕಡಾಯಿಗೆ ಬಡಿದು ಎಣ್ಣೆ ಚೆಲ್ಲಿತು, ಒಲೆ ಭಗ್ಗೆಂದಿತು, ಸೆರಗು ಹತ್ತಿತು. ಯಜಮಾನರು ಓಡಿ ಬಂದು ನನ್ನನ್ನು ಈಚೆಗೆ ಎಳೆದು ಬೆಂಕಿ ಹೊಸಕಿದರು.

"ಇನ್ನ ಆ ಮಣಿ ಮ್ಯಾಲೆ ನೀ ಕುಂದ್ರೂದ ಬ್ಯಾಡ," ಅಂದರು. "ಯಾರ ಕೈನೂ ಹಿಡೀಲಾರದ ಎದ್ದ ತೋರಸು, ಅವತ್ತ ಕುಂದ್ರು."

ಮುಂದಿನ ಸಂತೆಯ ಹೊತ್ತಿಗೆ ದುಂಡಸಿಯಿಂದ ಕರಿಯುವ ಕೆಲಸಕ್ಕೆ ಕರೆಸಿದ ಬಸವಣ್ಣೆಪ್ಪ ನನ್ನ ಮಣೆಯ ಮೇಲೆ ಕೂತಿದ್ದ. ಮೆತ್ತಗಿನ ಮನುಷ್ಯ, ನನ್ನನ್ನು ಕಂಡರೆ "ಅಕ್ಕಾರ, ಅಕ್ಕಾರ" ಅನ್ನುತ್ತಿದ್ದ. ಬೈಯಲು ಒಂದು ನೆವ ಕೊಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನನ್ನ ಪಾಲಿಗೆ ಬಂದದ್ದು ಗೋಡೆಯ ಬದಿಯ ಕಟ್ಟೆ ಮತ್ತು ಕಡಲೆಹಿಟ್ಟಿನ ಜರಡಿ. ನನಗೆ ಬೇಕಾಗಿದ್ದದ್ದು ಒಂದೇ, ಆ ಮಣೆ.

ಸಿಟ್ಟಿಗೆ ಊಟ ಬಿಟ್ಟೆ. ಬರೀ ಮಜ್ಜಿಗೆ ಕುಡಿದೆ. ಕೆಲವು ದಿನಕ್ಕೆ ತಲೆ ಗಿರ್ರೆಂದಿತು. ಒಂದು ಸಂಜೆ ರೊಟ್ಟಿಯ ಬುಟ್ಟಿ ಎಳೆದುಕೊಂಡು ಕೂತವಳು ತಳ ಕಂಡ ಮೇಲೇ ಎದ್ದೆ. ಎದ್ದೆ ಅನ್ನುವುದೂ ಸುಳ್ಳು, ಎಬ್ಬಿಸಿದರು.

ಮರುದಿನ ಜನ್ನತಬಿಯ ಮುಂದೆ ಅತ್ತುಬಿಟ್ಟೆ. ಊರ ಹೊರಗೆ ಅವರದು ಎಲೆಬಳ್ಳಿಯ ತೋಟ. ಪೇಟೆಗೆ ಎಲೆ ಹಾಕಿ ಹೋಗುವಾಗ ನನ್ನ ಹತ್ತಿರ ಒಂದು ಗಳಿಗೆ ಕೂರುತ್ತಿದ್ದಳು.

"ನಾ ಏನ ಅಂಥಾದ್ದ ತಿಂತೇನಿ ಹೇಳವಾ? ಎರಡ ಹೊತ್ತ ಊಟ, ಅಷ್ಟ!"

ಇಷ್ಟು ಹೇಳುವಷ್ಟರಲ್ಲಿ ಬಸವಣ್ಣೆಪ್ಪ ಒಂದು ಘಾಣ ತೆಗೆದ. ಬೇರೆಯವರು ಕರಿದದ್ದನ್ನು ನಾನು ನಂಬುವವಳಲ್ಲ. ಕೈ ತಾನೇ ಹೋಗಿ ಒಂದು ಹಿಡಿ ತಂದು ಬಾಯಿಗೆ ಹಾಕಿತು.

ಜನ್ನತಬಿ ಬಿದ್ದು ಬಿದ್ದು ನಕ್ಕಳು. "ಮತ್ತ ಇದೇನ?"

"ಇದು ಹದ ನೋಡೂದು!"

"ಹೊಟ್ಟಿಗೇನ ಗೊತ್ತಾಗತೈತಿ ಅದು ಹದ ಅಂತ? ನಾ ಬಂದಾಗಿಂದ ನೋಡಾಕತ್ತೇನಿ, ನಿನ್ನ ಬಾಯಾಗಿನ ಗಿರಣಿ ನಿಂತಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಅವಳು ಹೋದ ಮೇಲೆ, ಸುಳ್ಳೆಂದು ತೋರಿಸಲಿಕ್ಕಾದರೂ, ಅಂದೆಲ್ಲ ನನ್ನ ಕೈಯನ್ನೇ ಕಾದೆ. ಅಬ್ಬಬ್ಬಾ! ಇಷ್ಟು ವರ್ಷ ಹದದ ಹೆಸರಿನಲ್ಲಿ ನಾನು ದಿನಕ್ಕೊಂದು ಸಣ್ಣ ಬುಟ್ಟಿ ಖಾಲಿ ಮಾಡುತ್ತಿದ್ದೆ. ಅದನ್ನು ತಿಂದೆ ಅಂತ ಒಮ್ಮೆಯೂ ಅನಿಸಿರಲಿಲ್ಲ.

ಬೆಳಗಾದ ಮೇಲೆ ಹಿಡಿಯ ಬದಲು ಶೇವಿನ ಒಂದೇ ಎಳೆ ಎತ್ತಿಕೊಂಡೆ. ಕಿವಿಯ ಹತ್ತಿರ ಮುರಿದು ಸಪ್ಪಳ ಕೇಳಿದೆ, ಆಮೇಲೆ ನಾಲಿಗೆಯ ಮೇಲಿಟ್ಟುಕೊಂಡೆ. ಕೈ ಮತ್ತೆ ಬುಟ್ಟಿಯ ಕಡೆ ಓಡಿತು. ಅದಕ್ಕೆ ನೀರಿನ ತಂಬಿಗೆ ಹಿಡಿಸಿದೆ. ಮೊದಲ ವಾರ ಜೀವ ಹೋದಂತಾಗುತ್ತಿತ್ತು. ಆದರೆ ಒಂದು ಮಾತು ಹೇಳುತ್ತೇನೆ, ಹಿಡಿ ಹಿಡಿ ತಿಂದು ಜಡ್ಡುಗಟ್ಟಿದ್ದ ನಾಲಿಗೆ ಆ ಒಂದು ಎಳೆಗೆ ಎಚ್ಚತ್ತಿತು. ಉಪ್ಪು ಬೇರೆ, ಓಮ ಬೇರೆ, ಮೆಣಸಿನಕಾಯಿ ಬೇರೆಯಾಗಿ ಗೊತ್ತಾಗತೊಡಗಿತು.

ಎಳೆ ರೂಢಿಯಾದ ಮೇಲೆ ಜನ್ನತಬಿಯ ಜೊತೆ ಬೆಳಗ್ಗೆ ತೋಟದ ಹಾದಿ ಹಿಡಿದೆ. ಹಳೇ ಮಸೂತಿ ದಾಟುವಷ್ಟರಲ್ಲಿ ಏದುಸಿರು ಬಂತು.

"ಇವತ್ತ ಇಷ್ಟ ಸಾಕು," ಅಂದಳು ಅವಳು. "ನಾಳೆ ಬರ್ತೀಯಲ್ಲಾ? ಅದ ದೊಡ್ಡದು."

ಹೋದೆ. ಮಸೂತಿಯಿಂದ ಹುಣಸೆಮರ, ಮರದಿಂದ ತೋಟ, ಹೀಗೆ ಹಾದಿ ತಾನೇ ಉದ್ದವಾಯಿತು. ಅದೂ ಮೈಗೆ ಒಗ್ಗಿದ ಮೇಲೆ ರಾತ್ರಿಯ ಊಟದಲ್ಲಿ ಒಂದು ರೊಟ್ಟಿ ಇಳಿಸಿ ಪುಂಡಿಪಲ್ಯ ಏರಿಸಿದೆ. ನಡುವೆ ಹಿರೇಕೆರೂರಿನಲ್ಲಿ ತಂಗಿಯ ಮಗಳ ಮದುವೆಗೆ ಹೋಗಿ ಹೋಳಿಗೆ ತುಪ್ಪ ಚೆನ್ನಾಗಿಯೇ ಹೊಡೆದೆ. ತಿರುಗಿ ಬಂದು ಅದಕ್ಕಾಗಿ ಉಪವಾಸ ಕೂರಲಿಲ್ಲ. ಬೆಳಗಾದರೆ ಅದೇ ಹಾದಿ, ಒಲೆ ಹೊತ್ತಿದರೆ ಅದೇ ಒಂದು ಎಳೆ.

ಒಂದು ಪಂಚಮಿ ಹೋಗಿ ಇನ್ನೊಂದು ಪಂಚಮಿ ಬಂತು. ಬಳೆಗಾರ ನನ್ನ ಕೈ ಹಿಡಿದು, "ಯವ್ವಾ, ಹ್ವಾದ ವರ್ಷದ ಅಳತಿ ಉದರಿ ಬೀಳತೈತಿ," ಅಂದ. ಓಣಿಯ ಹೆಂಗಸರೆಲ್ಲ ಕೇಳಲಿ ಅಂತ ಅವನಿಂದ ಆ ಮಾತನ್ನು ಇನ್ನೊಮ್ಮೆ ಹೇಳಿಸಿದೆ.

ದೀಪಾವಳಿಯ ಹಿಂದಿನ ದಿನ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ನಾನು ಜರಡಿ ಕೆಳಗಿಟ್ಟು ಒಲೆಯ ಹತ್ತಿರ ಹೋದೆ.

"ಬಸವಣ್ಣೆಪ್ಪಾ, ಏಳಪಾ."

ಅವನು ಎದ್ದ. ನಾನು ಕೂತೆ. ಸದ್ದು ಕೇಳಿ ಯಜಮಾನರು ಬಾಗಿಲಿಗೆ ಬಂದು ನಿಂತರು. ಬೇಡ ಅನ್ನಲು ಅವರು ಬಾಯಿ ತೆರೆಯುವಷ್ಟರಲ್ಲಿ ನಾನು ಎಣ್ಣೆಗೆ ಹಿಟ್ಟು ಒತ್ತಿಯಾಗಿತ್ತು. ಒಂದು ಘಾಣ ಕರಿದೆ. ಒಂದು ಎಳೆ ಮುರಿದು ಕೇಳಿದೆ, ನಾಲಿಗೆಗಿಟ್ಟೆ. ಹದವೆಂದರೆ ಹದ! ಒಂದು ಕೈಯಲ್ಲಿ ಕರಿಯುವ ಝಾರಿ ಸೌಟು, ಇನ್ನೊಂದರಲ್ಲಿ ಖಾರ ತುಂಬಿದ ಪರಾತ ಹಿಡಿದು ಪಾದ ಊರಿದೆ. ಯಜಮಾನರು ಎರಡೂ ಕೈ ಚಾಚಿ ಮುಂದೆ ಬಂದರು. ಅವರು ಮುಟ್ಟುವ ಮೊದಲೇ ನಾನು ಎದ್ದು ನಿಂತಿದ್ದೆ.

ಅವರು ಕೈ ಎಲ್ಲಿಡಬೇಕೋ ತಿಳಿಯದೆ ಧೋತರಕ್ಕೆ ಒರೆಸಿಕೊಂಡರು. ಕಣ್ಣು ತುಂಬಿತ್ತು. "ಭಪ್ಪರೇ ಅಡಿವೆವ್ವಾ! ಬಸವಣ್ಣೆಪ್ಪಗ ಇನ್ನೊಂದ ಒಲಿ ಹೂಡೂಣು. ಈ ಮಣಿ ನಿಂದ."

ನಾನು ಪರಾತ ಅವರ ಕೈಗೆ ಕೊಟ್ಟೆ, ಮತ್ತೆ ಮಣೆಯ ಮೇಲೆ ಕೂತೆ. ಕಡಾಯಿಯಲ್ಲಿ ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ.

"ಮತ್ಯಾಕ ಕುಂತಿ? ಹಿಟ್ಟ ಇನ್ನೂ ಕಲಸಿಲ್ಲ."

"ಇನ್ನೊಮ್ಮೆ ಏಳಾಕ್ರಿ," ಅಂದೆ. ಎದ್ದೆ.